ಶಿಗ್ಗಾವಿಯ ಅತ್ತಿ, ಬನ್ನೇರುಘಟ್ಟದ ಸುಧಾ

ಶಿಗ್ಗಾವಿಯ ನಮ್ಮ ಸೋದರತ್ತಿಗೆ ಸಿಟ್ಟು ಬಂದದ್ದು 2020ರ ಆಗಸ್ಟ್ ಕೊನೆಯಲ್ಲಿ. ಕೊರೋನಾ ದಿನಗಳು. ಹೊಸ್ತಿಲು ದಾಟಬೇಡ ಎಂದು ಮೊಮ್ಮಕ್ಕಳು ಕಟ್ಟಪ್ಪಣೆ ಮಾಡಿದ್ದರಿಂದ ಬಂದ ಸಿಟ್ಟೆಲ್ಲ ಫೋನಿನಲ್ಲೇ ಹೊರಬೀಳಬೇಕು.

‘ಏನೋ ತಮ್ಮಾ, ಸವಣೂರಿಗೆ ಪೇಪರ ಬರತಾವೋ ಇಲ್ಲೋ? ಬೆಂಗಳೂರಾಗ ಒಂದು ಆನಿ ಈದೈತಂತ. ಆ ಮರಿಗೆ ನಮ್ಮೂರ ಹೆಣಮಗಳ ಹೆಸರು ಇಟ್ಟಾರಂತ. ಸುಧಾ ಅಂತ. ಮನಷ್ಯಾರ ಹೆಸರು ಆನಿಗೆ ಇಡೂದಂದ್ರ ಏನರ್ಥ? ಮಾನಾ ಮರ್ಯಾದಿ ಐತೇನು ಅವರಿಗೆ?’

ಸುದ್ದಿ ನಿಜವೇ ಆಗಿತ್ತು. ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಸುವರ್ಣಾ ಎಂಬ ಆನೆ ಹೆಣ್ಣು ಮರಿ ಹಾಕಿತ್ತು. ಆಗ ಇನ್ಫೋಸಿಸ್ ಪ್ರತಿಷ್ಠಾನದ ಅಧ್ಯಕ್ಷೆಯಾಗಿದ್ದ ಸುಧಾ ಮೂರ್ತಿಯವರ ಗೌರವಕ್ಕೆ ಉದ್ಯಾನದವರು ಮರಿಗೆ ಸುಧಾ ಎಂದು ಹೆಸರಿಟ್ಟಿದ್ದರು. ಸುಧಾ ಮೂರ್ತಿಯವರು ಹುಟ್ಟಿದ್ದು ಶಿಗ್ಗಾವಿಯಲ್ಲಿ, 1950ರ ಆಗಸ್ಟ್ 19ರಂದು. ಅಂದರೆ ಮರಿ ಹುಟ್ಟಿದ ತಿಂಗಳಲ್ಲೇ ಅವರಿಗೆ 70 ತುಂಬಿತ್ತು. ಸಾಕಿದ ನಾಯಿ ಗೋಪಿಯ ಮೇಲೆ ಪುಸ್ತಕವನ್ನೇ ಬರೆದ ಹೆಂಗಸು ಅವರು. ತಮ್ಮ ಹೆಸರಿನ ಆನೆಮರಿ ಇದೆಯೆಂದರೆ ಬೇಸರ ಮಾಡಿಕೊಳ್ಳುವವರಲ್ಲ ಎಂದು ನಾನು ಹೇಳಿ ನೋಡಿದೆ. ಅತ್ತಿ ಒಪ್ಪಲಿಲ್ಲ. ‘ಆಕಿಗೆ ಬ್ಯಾಸರಿಲ್ಲದಿದ್ರ ನನಗೈತಿ’ ಎಂದು ಫೋನು ಇಟ್ಟಳು.

ಮಾಗಿಯಲ್ಲಿ ಕಣದ ಬೆಂಕಿಯ ಮುಂದೆ ಕೂತಾಗ ಹುಡುಗರು ಈ ಕತೆಯನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸುತ್ತಾರೆ. ಅವರಿಗೆ ಬೇಕಾದದ್ದು ಅತ್ತಿಯ ಬೈಗುಳ. ನನಗೆ ಬೇಕಾದದ್ದು ಹಾನಗಲ್ಲಿನ ಭಾವ ಅಂದು ಆನೆಯ ಮುಂದೆ ನಿಂತ ಬಗೆ. ಅದಕ್ಕೆ ಬರುವ ಮೊದಲು ಅತ್ತಿಯ ಸಿಟ್ಟನ್ನು ತಣಿಸಿದ್ದು ಯಾರು ಎಂಬುದನ್ನು ಹೇಳಬೇಕು. ಹಿರೇಕೆರೂರಿನಲ್ಲಿರುವ ನನ್ನ ಹೆಂಡತಿಯ ತಮ್ಮ ಹೋರಿ ಕಟ್ಟಿದವನು. ಹಾವೇರಿ ಜಿಲ್ಲೆಯಲ್ಲಿ ಹೋರಿ ಕಟ್ಟುವುದೆಂದರೆ ಏನೆಂದು ಹೊರಗಿನವರಿಗೆ ಎರಡು ಮಾತಿನಲ್ಲಿ ಹೇಳಲಾಗದು. ದೀಪಾವಳಿ ಬಂತೆಂದರೆ ಹಾನಗಲ್, ಹಿರೇಕೆರೂರು, ಶಿಗ್ಗಾವಿ ಸೀಮೆಯ ಊರೂರಲ್ಲಿ ಹೋರಿ ಬೆದರಿಸುವ ಹಬ್ಬ. ಕೊಂಬಿಗೆ ಬಲೂನು, ರಿಬ್ಬನ್ನು, ಮೈತುಂಬ ಜೂಲ, ಕೊರಳಿಗೆ ಒಣಕೊಬ್ಬರಿಯ ಸರ. ಬಿಟ್ಟ ಹೋರಿ ಜನರ ಸಾಲು ಸೀಳಿಕೊಂಡು ಓಡಬೇಕು, ಗಟ್ಟಿ ಎದೆಯ ಹುಡುಗರು ಅದರ ಕೊರಳಿನ ಕೊಬ್ಬರಿ ಹರಿಯಬೇಕು. ಯಾರ ಕೈಗೂ ಸಿಗದ ಹೋರಿಗೆ ಊರಿಗೆ ಊರೇ ಅಭಿಮಾನಿ. ಅದಕ್ಕೆ ಹುಟ್ಟುಹಬ್ಬ ಮಾಡುತ್ತಾರೆ, ಕೇಕು ಕತ್ತರಿಸುತ್ತಾರೆ, ಸತ್ತರೆ ಭಜನೆ ಮೇಳದೊಂದಿಗೆ ಮೆರವಣಿಗೆ ತೆಗೆದು ಮಣ್ಣು ಮಾಡುತ್ತಾರೆ. ಹೆಸರು? ಸಿನಿಮಾ ನಾಯಕರದ್ದು, ರಾಜರದ್ದು, ದೇವರದ್ದು.

‘ಅತ್ತಿ, ಹೋರಿಗೆ ದೇವರ ಹೆಸರು ಇಟ್ಟು ನಾವು ಕೇಕೆ ಹಾಕಬಹುದು, ಆನಿಗೆ ಒಬ್ಬ ಒಳ್ಳೆ ಹೆಣಮಗಳ ಹೆಸರು ಇಡಬಾರದಾ?’ ಎಂದು ಅವನು ಕೇಳಿದ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ ಬಂದದ್ದು ಒಂದೇ ಮಾತು: ‘ಹಂಗಾದ್ರ ನಾ ಅದನ್ನ ನೋಡಬೇಕು.’

ನೋಡುವುದು ಆಗ ಸುಲಭವಿರಲಿಲ್ಲ. 2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದ್ದ ಮೃಗಾಲಯಗಳು ಜೂನ್‌ನಲ್ಲಿ ತೆರೆದಿದ್ದವು ನಿಜ, ಆದರೆ ಎಂಬತ್ತು ಸಮೀಪಿಸಿದ ಅತ್ತಿಯನ್ನು ಆ ದಿನಗಳಲ್ಲಿ ಬೆಂಗಳೂರಿಗೆ ಕರೆದೊಯ್ಯುವ ಧೈರ್ಯ ಯಾರಿಗಿತ್ತು? ಸುಗ್ಗಿ ಮುಗಿಯಿತು. 2021ರ ಫೆಬ್ರುವರಿಗೆ ರೋಗ ಸ್ವಲ್ಪ ಸಡಿಲಾಯಿತು. ಆಗ ನಾಲ್ಕು ತಾಲೂಕಿನ ಬೀಗರು ಕೂಡಿ ಒಂದು ಕ್ರೂಸರ್ ಗಾಡಿ ಮಾಡಿದೆವು. ಶಿಗ್ಗಾವಿಯಿಂದ ಅತ್ತಿ, ಸವಣೂರಿನಿಂದ ನಾನು, ನನ್ನ ಹೆಂಡತಿ, ಮೊಮ್ಮಗಳು, ಹಾನಗಲ್ಲಿನಿಂದ ಅಕ್ಕ-ಭಾವ, ಹಿರೇಕೆರೂರಿನಿಂದ ಹೋರಿಯ ಒಡೆಯ. ರಾಣೇಬೆನ್ನೂರು ದಾಟುವ ಹೊತ್ತಿಗೇ ಬುತ್ತಿ ಬಿಚ್ಚಿತು. ಸವಣೂರು ಖಾರದ ಪೊಟ್ಟಣ ದಾವಣಗೆರೆ ಮುಟ್ಟಲಿಲ್ಲ. ಮೊಮ್ಮಗಳು ಮೊಬೈಲು ನೋಡಿ ಮಂಗಳವಾರ ಬನ್ನೇರುಘಟ್ಟಕ್ಕೆ ರಜೆ ಎಂದು ಮೊದಲೇ ಹೇಳಿದ್ದರಿಂದ ನಾವು ಹೊರಟಿದ್ದು ಬುಧವಾರ ಬೆಳಗಾಗುವುದರೊಳಗೆ ಅಲ್ಲಿ ಇರುವ ಲೆಕ್ಕದಲ್ಲಿ.

ದಾರಿಯುದ್ದಕ್ಕೂ ಭಾವ ಮಾತಾಡಿದ್ದು ಕಡಿಮೆ. ಅವರ ಊರು ಹಾನಗಲ್ ತಾಲೂಕಿನ ಪಶ್ಚಿಮದ ಅಂಚು, ಮುಂಡಗೋಡದ ಕಾಡಿಗೆ ತಾಗಿದ್ದು. ಭತ್ತದ ಸೀಮೆ. ತೆನೆ ಹಾಲುಗಾಳಾಗುವ ಹೊತ್ತಿಗೆ ದಾಂಡೇಲಿ ಕಡೆಯ ಹಿಂಡು ಕಾಡಿನೊಳಗಿಂದಲೇ ಬಂದು ಗದ್ದೆಗೆ ಇಳಿಯುತ್ತದೆ. ಊರವರು ಗರ್ನಾಲು ಹೊಡೆಯುತ್ತಾರೆ, ತಗಡು ಬಾರಿಸುತ್ತಾರೆ, ಅರಣ್ಯದ ಗಾರ್ಡುಗಳೂ ಟಾರ್ಚು ಹಿಡಿದು ಜತೆಗಿರುತ್ತಾರೆ. ಎರಡು ಎಕರೆ ಭತ್ತ ಒಂದೇ ರಾತ್ರಿಯಲ್ಲಿ ಹೋದದ್ದನ್ನು ಭಾವ ಕಣ್ಣಾರೆ ಕಂಡವರು. ತಿಂದದ್ದು ಕಡಿಮೆ, ತುಳಿದದ್ದೇ ಹೆಚ್ಚು ಎನ್ನುತ್ತಾರೆ. ಪರಿಹಾರದ ಕಾಗದಗಳು ಓಡಾಡಿದವು, ದುಡ್ಡು ಬರುವಾಗ ಬಂತು. ಆ ಮಾತು ಇಲ್ಲಿ ಬೇಡ. ಅಂಥವರು ಆನೆ ನೋಡಲು ಬಾಡಿಗೆ ಗಾಡಿಯಲ್ಲಿ ಬಂದಿದ್ದೇ ನನ್ನ ಅಕ್ಕನ ಹಟಕ್ಕೆ. ‘ಹೊಲದಾಗ ಪುಕ್ಕಟೆ ನೋಡಿದ್ದನ್ನ ಟಿಕೇಟು ತಗೊಂಡು ನೋಡೂದು’ ಎಂದು ತುಮಕೂರಿನ ಹತ್ತಿರ ಒಮ್ಮೆ ಗೊಣಗಿದ್ದು ಬಿಟ್ಟರೆ ಸುಮ್ಮನಿದ್ದರು.

ಗೇಟಿನಲ್ಲಿ ಮಾಸ್ಕು, ಹಣೆಗೆ ಹಿಡಿಯುವ ಜ್ವರದ ಯಂತ್ರ, ಕೈಗೆ ಸ್ಯಾನಿಟೈಜರ್. ಅತ್ತಿ ಮಾಸ್ಕನ್ನು ಸೆರಗಿನ ಮೇಲೆ ಕಟ್ಟಿದ್ದಳು. ಹುಲಿ, ಸಿಂಹ, ಜಿರಾಫೆ ಯಾವುದನ್ನೂ ಆಕೆ ನಿಂತು ನೋಡಲಿಲ್ಲ. ‘ಸುಧಾ ಎಲ್ಲಿ?’ ಎಂದು ಎದುರಿಗೆ ಬಂದವರನ್ನೆಲ್ಲ ಕೇಳಿದಳು. ಒಬ್ಬ ಹುಡುಗಿ ತನ್ನನ್ನೇ ಕರೆದರೆಂದು ತಿರುಗಿ ನೋಡಿ ಗಾಬರಿಯಾದಳು.

ಆನೆಗಳ ಹತ್ತಿರ ಹೋದಾಗ ಬಿಸಿಲೇರುತ್ತಿತ್ತು. ದೊಡ್ಡ ಹೆಣ್ಣಾನೆಗಳು ಮೂರ್ನಾಲ್ಕು, ಅವುಗಳ ಕಾಲಿನ ನಡುವೆ ಮರಿಗಳು. ಯಾವುದು ಸುಧಾ ಎಂದು ನಮ್ಮಲ್ಲೇ ವಾದ ಹತ್ತಿತು. ಅತ್ತಿ ಒಂದನ್ನು ತೋರಿಸಿ ಇದೇ, ಮುಖದಾಗ ಕಳೆ ಐತಿ ಎಂದಳು. ಅದು ಗಂಡು ಮರಿಯಾಗಿತ್ತು. ಕಾವಾಡಿಯೊಬ್ಬ ಬಂದು ನಗುತ್ತ ಬೇರೆಯದನ್ನು ತೋರಿಸಿದ: ಆರು ತಿಂಗಳ ಮರಿ, ತಾಯಿಯ ಹೊಟ್ಟೆಯಡಿ ಬಿಸಿಲು ಬೀಳದ ಜಾಗ ಹುಡುಕಿಕೊಂಡು ನಿಂತಿತ್ತು.

ಹತ್ತಿರದಿಂದ ನೋಡಿದರೆ ಆನೆಮರಿ ಚಿತ್ರದಲ್ಲಿ ಕಾಣುವಷ್ಟು ನುಣುಪಲ್ಲ. ನೆತ್ತಿಯ ಮೇಲೆ, ಬೆನ್ನ ಮೇಲೆ ಕೆಂಚು ಕೂದಲು ಒರಟಾಗಿ ನಿಂತಿರುತ್ತವೆ. ಕಿವಿಯ ಅಂಚು ತೆಳ್ಳಗೆ, ಬಿಸಿಲು ಹಿಂದಿನಿಂದ ಬಿದ್ದಾಗ ರಕ್ತನಾಳಗಳು ಎದ್ದು ಕಾಣುತ್ತವೆ. ಸೊಂಡಿಲಂತೂ ಅದರ ಮಾತು ಇನ್ನೂ ಪೂರ್ತಿ ಕೇಳುತ್ತಿರಲಿಲ್ಲ. ಒಂದು ಹುಲ್ಲುಕಡ್ಡಿ ಎತ್ತಲು ಹೋಗುತ್ತದೆ, ಕಡ್ಡಿ ಜಾರುತ್ತದೆ, ಸೊಂಡಿಲನ್ನು ಬಾಯಿಗೆ ತಂದು ಬರಿದನ್ನೇ ಚೀಪುತ್ತದೆ, ಮತ್ತೆ ಕಡ್ಡಿಗೆ ಹೋಗುತ್ತದೆ. ಒಂದೇ ಒಂದು ಎಲುಬಿಲ್ಲದ ಆ ಅಂಗವನ್ನು ಹಿಡಿತಕ್ಕೆ ತಂದುಕೊಳ್ಳಲು ಮರಿಗೆ ತಿಂಗಳುಗಟ್ಟಲೆ ಬೇಕು. ಕೊನೆಗೆ ಬೇಸತ್ತು ಸೊಂಡಿಲನ್ನು ತಲೆಯ ಮೇಲೆ ಮಡಿಚಿ, ತಾಯಿಯ ಮುಂಗಾಲುಗಳ ನಡುವೆ ಬಾಯಿ ಇಟ್ಟಿತು. ಮರಿ ಹಾಲು ಕುಡಿಯುವುದು ಬಾಯಿಯಿಂದಲೇ, ಸೊಂಡಿಲಿನಿಂದಲ್ಲ. ಆನೆಯ ಕೆಚ್ಚಲು ಹಸುವಿನದಿದ್ದಂತೆ ಹಿಂದೆ ಇರುವುದಿಲ್ಲ; ಮುಂಗಾಲುಗಳ ನಡುವೆ, ಎದೆಯ ಹತ್ತಿರ, ಎರಡೇ ಮೊಲೆ. ನನ್ನ ಹೆಂಡತಿ ಮತ್ತು ಅಕ್ಕ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ನಮ್ಮಂಗ ಅಲ್ಲೇನ್ರೀ’ ಎಂದಳು ಅಕ್ಕ. ಆಮೇಲೆ ಆ ಜಾಗ ಬಿಟ್ಟು ಕದಲಲಿಲ್ಲ.

ಅತ್ತಿಯ ಪ್ರಶ್ನೆಗಳು ಶುರುವಾದವು. ಎಷ್ಟು ದಿನ ಹೊಟ್ಟೆಯಲ್ಲಿತ್ತು? ಇಪ್ಪತ್ತೊಂದು-ಇಪ್ಪತ್ತೆರಡು ತಿಂಗಳು ಎಂದ ಕಾವಾಡಿ. ಅತ್ತಿ ಬೆರಳು ಮಡಚುತ್ತ ಹಿಂದಕ್ಕೆ ಎಣಿಸಿದಳು. ‘ಅಂದ್ರ ಕೊರೋನಾ ಬರೂಕ ಮದಲ ಬಸಿರು. ಅದೊಂದು ಚಲೋ ಆತು.’ ಹುಟ್ಟಿದಾಗ ತೂಕ? ಸುಮಾರು ನೂರು ಕಿಲೋ ಇರುತ್ತವೆ. ಎದ್ದು ನಿಲ್ಲಲು ಎಷ್ಟು ಹೊತ್ತು? ಒಂದೆರಡು ತಾಸು. ಬಾಣಂತನ ಯಾರು ಮಾಡುತ್ತಾರೆ? ಇದಕ್ಕೆ ಕಾವಾಡಿ ಸುತ್ತಲಿನ ಹೆಣ್ಣಾನೆಗಳ ಕಡೆ ಕೈ ತೋರಿಸಿದ. ಮರಿ ಹುಟ್ಟಿದ ಕೂಡಲೇ ಹಿಂಡಿನ ಹೆಣ್ಣುಗಳೆಲ್ಲ ಸುತ್ತುಗಟ್ಟುತ್ತವೆ, ಎಡವಿದರೆ ಸೊಂಡಿಲು ಕೊಟ್ಟು ಎಬ್ಬಿಸುತ್ತವೆ. ಮೊದಲ ದಿನಗಳಲ್ಲಿ ಮಾವುತನನ್ನೂ ಹತ್ತಿರ ಸೇರಿಸುವುದಿಲ್ಲ.

‘ಅಪ್ಪ ಯಾವುದು?’

ಈ ಪ್ರಶ್ನೆ ಅತ್ತಿಯದಲ್ಲ, ಭಾವನದು. ಅಲ್ಲಿಯವರೆಗೆ ಹಿಂದೆ ನಿಂತಿದ್ದವರು ಈಗ ಕಂಬಿಯ ಹತ್ತಿರ ಬಂದಿದ್ದರು.

‘ಅಪ್ಪ ಕಾಡಾನೆ ಸಾರ್’ ಎಂದ ಕಾವಾಡಿ. ‘ಸಾಯಂಕಾಲ ಆದ್ಮೇಲೆ ಹೆಣ್ಣಾನೆಗಳನ್ನ ಕಾಡಿಗೆ ಬಿಡ್ತೀವಿ. ಕಾಲಿಗೆ ಉದ್ದ ಸರಪಳಿ ಇರುತ್ತೆ. ರಾತ್ರಿಯೆಲ್ಲ ಮೇಯ್ತವೆ. ಕಾಡಿನ ಸಲಗ ಬಂದು ಸೇರ್ಕೊಳ್ಳತ್ತೆ.’

ಇಡೀ ಪ್ರಯಾಣದಲ್ಲಿ ನಾನು ಕೇಳಿದ ಅತ್ಯಂತ ದೊಡ್ಡ ಸಂಗತಿ ಇದು. ಮೃಗಾಲಯದಲ್ಲಿ ಮರಿ ಹುಟ್ಟಿತೆಂದರೆ ಬೋನಿನೊಳಗೆ ಗಂಡೊಂದು ಹೆಣ್ಣೊಂದು ಕೂಡಿಹಾಕಿದ್ದರು ಎಂದೇ ನಾವು ತಿಳಿಯುವುದು. ಹುಲಿ-ಸಿಂಹಗಳಲ್ಲಿ ಹಾಗೆಯೇ; ಯಾವುದನ್ನು ಯಾವುದರ ಜತೆ ಬಿಡಬೇಕು ಎಂಬುದಕ್ಕೆ ವಂಶಾವಳಿಯ ಪುಸ್ತಕವನ್ನೇ ಇಟ್ಟಿರುತ್ತಾರೆ, ರಕ್ತಸಂಬಂಧ ಹತ್ತಿರವಾಗಬಾರದೆಂದು. ಬನ್ನೇರುಘಟ್ಟದ ಆನೆಗಳಿಗೆ ಆ ಪುಸ್ತಕದ ಗೊಡವೆಯಿಲ್ಲ. ಉದ್ಯಾನಕ್ಕೆ ತಾಗಿಯೇ ರಾಷ್ಟ್ರೀಯ ಉದ್ಯಾನದ ಕಾಡಿದೆ. ರಾತ್ರಿ ಹೆಣ್ಣುಗಳು ಅಲ್ಲಿಗೆ ಹೋಗುತ್ತವೆ, ಸಲಗ ತಾನಾಗಿ ಬರುತ್ತದೆ, ಯಾರೂ ಕೂಡಿಸುವುದಿಲ್ಲ. ಬೆಳಿಗ್ಗೆ ಕಾವಾಡಿಗಳು ನೆಲದ ಮೇಲೆ ಸರಪಳಿ ಎಳೆದ ಗೆರೆ ಹಿಡಿದು, ಲದ್ದಿ ಎಷ್ಟು ಹಸಿಯಿದೆ ಎಂದು ನೋಡುತ್ತ ಹೋಗಿ ತಿರುಗಿ ಕರೆತರುತ್ತಾರೆ. ಬಂದ ಮೇಲೆ ಸ್ನಾನ, ರಾಗಿಮುದ್ದೆ. ಸುವರ್ಣಾಳ ಮುಂಗಾಲನ್ನು ನಾನು ಆಗಲೇ ಗಮನಿಸಿದ್ದೆ: ಸರಪಳಿ ಕೂರುವ ಜಾಗದಲ್ಲಿ ಚರ್ಮ ಸವೆದು ಬೇರೆ ಬಣ್ಣಕ್ಕೆ ತಿರುಗಿತ್ತು.

ಭಾವ ನಕ್ಕರು. ಆ ದಿನ ಮೊದಲ ಸಲ. ‘ಅಪ್ಪ ಕಾಡಿನವ, ಮಗಳು ಸರಕಾರದಾಕಿ.’

ಕಾವಾಡಿಯೂ ನಕ್ಕ. ಅಲ್ಲಿಂದ ಮುಂದೆ ಅವರಿಬ್ಬರ ಮಾತೇ ಮಾತು. ಇಬ್ಬರೂ ಆನೆಯೊಂದಿಗೆ ರಾತ್ರಿ ಕಳೆದವರು, ಒಬ್ಬ ಮೇಯಿಸಲು, ಒಬ್ಬ ಓಡಿಸಲು. ಆನೆ ಹತ್ತಿರವಿದ್ದರೆ ಮೊದಲು ಗೊತ್ತಾಗುವುದು ಕಿವಿಗೋ ಮೂಗಿಗೋ? ಮೂಗಿಗೆ ಎಂದರು ಇಬ್ಬರೂ. ಮರಿಯಿದ್ದ ಹಿಂಡನ್ನು ಓಡಿಸಬಹುದೇ? ಕೂಡದು ಎಂದ ಕಾವಾಡಿ. ಮರಿ ಓಡಲಾರದು, ತಾಯಿ ಬಿಟ್ಟು ಹೋಗಲಾರದು, ತಿರುಗಿ ಬೀಳುತ್ತದೆ. ಭಾವ ತಲೆದೂಗಿದರು. ಅವರ ಊರಿನಲ್ಲಿ ಒಂದು ವರ್ಷ ಹಿಂಡಿನಲ್ಲಿ ಪುಟ್ಟ ಮರಿ ಇತ್ತಂತೆ. ಗರ್ನಾಲು ಸಿಡಿದಾಗ ದೊಡ್ಡವು ನಾಲ್ಕೂ ಹೊರಮುಖವಾಗಿ ಗುಂಪು ಕಟ್ಟಿ ಅಲ್ಲಾಡದೆ ನಿಂತುಬಿಟ್ಟವು. ‘ಯಾಕ ಓಡವಲ್ಲವು ಅಂತ ನಾವು ಇನ್ನೂ ನಾಲ್ಕು ಹಚ್ಚಿದಿವಿ. ಮರಿ ನಡುವ ಇತ್ತು ಅಂತ ಕಂಡಿದ್ದು ಬೆಳಕಾದ ಮ್ಯಾಗ, ಹೆಜ್ಜಿ ನೋಡಿದಾಗ.’ ಭಾವ ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಕ್ಕ ಬೆರಗಾಗಿ ಅವರನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಅತ್ತಿ ಸೊಂಟದ ಚೀಲದಿಂದ ಕರಿದಾರ ತೆಗೆದಳು. ಶಿಗ್ಗಾವಿಯಿಂದ ಹೊರಡುವಾಗಲೇ ಮಂತ್ರಿಸಿ ತಂದದ್ದು. ಇಷ್ಟು ಮಂದಿ ದಿನಾ ನೋಡುವ ಮರಿಗೆ ದೃಷ್ಟಿಯಾಗದೆ ಇರುತ್ತದೆಯೇ? ಒಂದು ಕಾಲಿಗೆ ಕಟ್ಟಿಬಿಡಿ ಎಂದು ಕಾವಾಡಿಗೆ ಕೊಟ್ಟಳು. ಜತೆಗೆ ಬೆಲ್ಲದ ಚೂರು, ಎರಡು ಶೇಂಗಾ ಹೋಳಿಗೆ. ಅವನು ಕೈಮುಗಿದ. ‘ಹೋಳಿಗೆ ಬೇಡ ಅಜ್ಜಿ, ಹೊರಗಿನದು ಏನೂ ಕೊಡೋ ಹಾಗಿಲ್ಲ. ಇದಿನ್ನೂ ಹಾಲು ಕುಡಿಯೋ ಮರಿ. ದಾರನೂ ಬೇಡ. ಸೊಂಡಿಲಿಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗತ್ತೆ, ನುಂಗಿದ್ರೆ ಕಷ್ಟ.’ ಅತ್ತಿಗೆ ಮತ್ತೆ ಸಿಟ್ಟು ಬರುತ್ತದೆಂದು ನಾವೆಲ್ಲ ಉಸಿರು ಬಿಗಿಹಿಡಿದೆವು. ಬರಲಿಲ್ಲ. ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವುದು ಆರು ಹೆತ್ತವಳಿಗೆ ಗೊತ್ತಿಲ್ಲವೇ? ದಾರವನ್ನು ಅಲ್ಲೇ ನನ್ನ ಮೊಮ್ಮಗಳ ಕೈಗೆ ಕಟ್ಟಿದಳು. ಹೋಳಿಗೆ ಗಾಡಿಯಲ್ಲಿ ಭಾವನಿಗೆ ಸಂದಿತು.

ತಿರುಗಿ ಬರುವಾಗ ಗಾಡಿಯಲ್ಲಿ ವಾದ. ಹಿರೇಕೆರೂರಿನವನಿಗೆ ಸರಪಳಿ ಕಂಡು ಸಂಕಟವಾಗಿತ್ತು. ಹೋರಿಗೆ ಮೂಗುದಾರ ಹಾಕುವವನು ನೀನು ಎಂದು ಅವನ ಅಕ್ಕನೇ ಬಾಯಿ ಮುಚ್ಚಿಸಿದಳು, ಆದರೆ ಅವನ ಸಂಕಟ ಸುಳ್ಳಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಬೋನಿನ ಪ್ರಾಣಿ ನೋಡಿ ಖುಷಿಪಡುವ ವಯಸ್ಸು ನನಗೆ ಕಳೆದಿದೆ. ಆದರೂ ಸಿಮೆಂಟು ನೆಲದ ಮೇಲೆ ಒಂಟಿಯಾಗಿ ವರ್ಷಗಟ್ಟಲೆ ತೂಗುತ್ತ ನಿಂತ ಆನೆಗಳನ್ನು ನಾನು ಬೇರೆ ಕಡೆ ಕಂಡಿದ್ದೇನೆ. ಹಿಂಡು, ಕೆರೆ, ರಾತ್ರಿಯ ಕಾಡು, ತಾನೇ ಆರಿಸಿಕೊಂಡ ಗಂಡು ಇವಿಷ್ಟು ಇರುವ ಬದುಕು ಅದಕ್ಕಿಂತ ಎಷ್ಟೋ ಮೇಲು. ಆ ಕಾಡು ಎಷ್ಟು ದಿನ ಇರುತ್ತದೆ ಎಂಬುದೇ ಪ್ರಶ್ನೆ. ಸುಧಾ ಹುಟ್ಟಿದ 2020ರಲ್ಲೇ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯದ ಅಂತಿಮ ಅಧಿಸೂಚನೆ ಹೊರಬಿತ್ತು. ಮೊದಲ ಕರಡಿನಲ್ಲಿ ಸುಮಾರು 269 ಚದರ ಕಿಲೋಮೀಟರ್ ಇದ್ದದ್ದು ಅಂತಿಮವಾಗಿ ಸುಮಾರು 169ಕ್ಕೆ ಇಳಿದಿತ್ತು. ಮರಿಗೆ ಹೆಸರಿಟ್ಟ ಸುದ್ದಿ ಎಲ್ಲರಿಗೂ ಮುಟ್ಟಿತು, ಅಪ್ಪನ ಕಾಡಿನ ಅಂಚು ಕರಗಿದ ಸುದ್ದಿ ಶಿಗ್ಗಾವಿಯವರೆಗೆ ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಮೃಗಾಲಯದ ಸುದ್ದಿ ಓದಿ ಹೇಳುವ ಕೆಲಸ ಮೊಮ್ಮಗಳದಾಯಿತು. ಪ್ರತಿ ಸುದ್ದಿಯೂ ಶಿಗ್ಗಾವಿಗೆ ಫೋನಿನಲ್ಲಿ ಹೋಗಬೇಕು. ಎರಡನೇ ಅಲೆಯಲ್ಲಿ ಮೃಗಾಲಯಗಳು ಮತ್ತೆ ಮುಚ್ಚಿದವು. ಟಿಕೆಟಿನ ದುಡ್ಡು ನಿಂತರೂ ಆನೆಯ ಹೊಟ್ಟೆ ನಿಲ್ಲುವುದಿಲ್ಲ. ಆಗ, 2021ರ ಜೂನ್‌ನಲ್ಲಿ, ನಟ ದರ್ಶನ್ ಕರೆ ಕೊಟ್ಟ ಮೇಲೆ ರಾಜ್ಯದ ಮೃಗಾಲಯಗಳ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳಲು ಜನ ಮುಗಿಬಿದ್ದರು, ಕೆಲವೇ ದಿನಗಳಲ್ಲಿ ಕೋಟಿ ರೂಪಾಯಿ ದಾಟಿತು. ಆ ವರ್ಷದ ಆಗಸ್ಟ್‌ನಲ್ಲಿ ಮೈಸೂರಿಗೆ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಎರಡು ಗೊರಿಲ್ಲಾ ಬಂದವು. ಪೋಲೋ ಎಂಬ ಗೊರಿಲ್ಲಾ 2014ರಲ್ಲಿ ಸತ್ತ ಮೇಲೆ ಆ ಮನೆ ಖಾಲಿಯಿತ್ತು. 2023ರಲ್ಲಿ ಕೆಟ್ಟ ಸುದ್ದಿ: ಬನ್ನೇರುಘಟ್ಟದಲ್ಲಿ ಬೆಕ್ಕಿನ ಜಾತಿಗೆ ತಗಲುವ ವೈರಸ್ಸಿಗೆ ಏಳು ಚಿರತೆ ಮರಿಗಳು ಎರಡು ವಾರದೊಳಗೆ ಸತ್ತವು. ಲಸಿಕೆ ಹಾಕಿದ್ದರೂ ಉಳಿಯಲಿಲ್ಲ. ಮರುವರ್ಷ ಅಲ್ಲೇ ಚಿರತೆ ಸಫಾರಿ ಶುರುವಾಯಿತು.

2025ರ ಜುಲೈನಲ್ಲಿ ಬಂದ ಸುದ್ದಿಗೆ ಅತ್ತಿ ಎರಡು ದಿನ ಮಾತು ಬಿಟ್ಟಳು. ಬನ್ನೇರುಘಟ್ಟದ ನಾಲ್ಕು ಆನೆಗಳನ್ನು ಜಪಾನಿನ ಹಿಮೇಜಿ ಸೆಂಟ್ರಲ್ ಪಾರ್ಕಿಗೆ ಕಳಿಸಿದ್ದರು. ಸುರೇಶ, ಗೌರಿ, ಶ್ರುತಿ, ತುಳಸಿ. ಎಲ್ಲವೂ ಹತ್ತು ವರ್ಷದೊಳಗಿನವು. ದೊಡ್ಡ ಪೆಟ್ಟಿಗೆಯೊಳಗೆ ಹೋಗಿ ನಿಲ್ಲುವುದನ್ನು ತಿಂಗಳುಗಟ್ಟಲೆ ರೂಢಿ ಮಾಡಿಸಿ, ಸರಕು ವಿಮಾನಕ್ಕೆ ಏರಿಸಿ, ಮಾವುತರು ಮತ್ತು ವೈದ್ಯರನ್ನು ಜತೆಗೆ ಕಳಿಸಿ ಒಸಾಕಾ ಬಳಿಯ ಕನ್ಸಾಯ್ ವಿಮಾನ ನಿಲ್ದಾಣಕ್ಕೆ ಮುಟ್ಟಿಸಿದರು. ಬದಲಿಗೆ ಚೀತಾ, ಜಾಗ್ವಾರ್, ಪೂಮಾ, ಚಿಂಪಾಂಜಿ ಮತ್ತು ಒಂದು ಜಾತಿಯ ಪುಟ್ಟ ಮಂಗಗಳು ಇಲ್ಲಿಗೆ ಬರುವ ಒಪ್ಪಂದ. ಮೃಗಾಲಯದವರ ಕಷ್ಟ ಅರ್ಥವಾಗದ್ದೇನಲ್ಲ. ಹಿಂಡು ಬೆಳೆಯುತ್ತದೆ, ಜಾಗ ಬೆಳೆಯುವುದಿಲ್ಲ. ಆದರೆ ಹೆಣ್ಣಾನೆ ತಾಯಿಯ ಹಿಂಡನ್ನು ಸಾಯುವವರೆಗೂ ಬಿಡುವುದಿಲ್ಲ, ಬಿಟ್ಟು ಹೋಗುವುದು ಗಂಡು ಮಾತ್ರ. ಇದು ಕಾಡಿನ ಕಟ್ಟಳೆ. ನಾಲ್ಕರಲ್ಲಿ ಮೂರು ಹೆಣ್ಣನ್ನು ಕಳಿಸಿದ್ದು ನನಗೂ ಸರಿ ಕಾಣಲಿಲ್ಲ. ಅತ್ತಿ ಮಾತು ಶುರು ಮಾಡಿದಾಗ ಮೊದಲು ಕೇಳಿದ್ದು, ‘ನಮ್ಮ ಸುಧಾ ಅದರಾಗ ಇಲ್ಲಲಾ?’ ಇಲ್ಲ, ಆ ಹೆಸರು ಪಟ್ಟಿಯಲ್ಲಿಲ್ಲ ಎಂದೆ. ‘ಹಂಗಾದ್ರ ಸರಿ’ ಎಂದವಳು ಮರುಗಳಿಗೆ, ‘ಹೋದವಕ್ಕೂ ಅವ್ವ ಇರತಾಳಲ್ಲೋ’ ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅದೇ ವರ್ಷ ನವೆಂಬರ್‌ನಲ್ಲಿ ನಮಗೆ ಇನ್ನೂ ಹತ್ತಿರದ ಪೆಟ್ಟು. ಬೆಳಗಾವಿಯ ಭೂತರಾಮನಹಟ್ಟಿಯಲ್ಲಿರುವ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 31 ಕೃಷ್ಣಮೃಗಗಳು ಸತ್ತವು. ಕೃಷ್ಣಮೃಗ ನಮ್ಮ ಜಿಲ್ಲೆಯ ಪ್ರಾಣಿ. ರಾಣೇಬೆನ್ನೂರಿನಲ್ಲಿ 1974ರಿಂದ ಅದಕ್ಕೆಂದೇ ಅಭಯಾರಣ್ಯವಿದೆ, ಗೊಂಜಾಳದ ಹೊಲದಲ್ಲಿ ಜಿಗಿಯುವ ಹಿಂಡನ್ನು ಕಾಣದ ರೈತ ಆ ಕಡೆ ಇಲ್ಲ. ಏನಾಗಿ ಸತ್ತವು ಎಂದು ಪೇಪರಿನಲ್ಲಿ ಇಂಗ್ಲಿಷಿನ ಉದ್ದ ಹೆಸರು ಬರೆದಿದ್ದರು. ಹಿರೇಕೆರೂರಿಗೆ ಫೋನು ಮಾಡಿ ಲಕ್ಷಣ ಹೇಳಿದೆ: ಒಮ್ಮೆಲೇ ಜ್ವರ, ಉಸಿರುಗಟ್ಟುವುದು, ಒಂದು ದಿನದೊಳಗೆ ಸಾವು. ‘ಗಳಲೆ ರೋಗ ಭಾವಾ’ ಎಂದು ಅವನು ಕೂಡಲೇ ಹೇಳಿದ. ‘ಗಂಟಲಬ್ಯಾನಿ. ನಮ್ಮ ದನಕ್ಕ ಬರೂದೇ ಅದು.’ ಅವನ ಮಾತು ಸರಿಯಾಗಿತ್ತು. ರೋಗಾಣುವಿಗೆ ಕೊಟ್ಟಿಗೆ, ಮೃಗಾಲಯ ಎಂಬ ಭೇದವಿಲ್ಲ. ಹವೆ ಬದಲಾಗಿ ಪ್ರಾಣಿಗಳ ಮೈ ಸೋತಾಗ ಒಂದರಿಂದ ಒಂದಕ್ಕೆ ಹಬ್ಬುತ್ತದೆ. ಜಾತ್ರೆ, ಸಂತೆ, ಹೋರಿಹಬ್ಬದಲ್ಲಿ ನೂರಾರು ದನ ಒಂದೇ ಕಡೆ ಸೇರುವ ನಮ್ಮ ಸೀಮೆಗೆ ಈ ರೋಗದ ಭಯ ಹಳೆಯದು.

ಭಾವ ಈಗಲೂ ಗದ್ದೆ ಕಾಯುತ್ತಾರೆ. ಹಿಂಡು ಬಂದರೆ ಮೊದಲು ಟಾರ್ಚು ಬಿಟ್ಟು ಮರಿಯಿದೆಯೇ ನೋಡುತ್ತಾರೆ. ಇದ್ದರೆ ಗರ್ನಾಲು ಹಚ್ಚಬೇಡಿರೆಂದು ಹುಡುಗರನ್ನು ತಡೆಯುತ್ತಾರೆ, ದಾರಿ ಬಿಟ್ಟು ದೂರ ನಿಲ್ಲಿಸುತ್ತಾರೆ. ಭತ್ತ ಹೋಗುವುದು ತಪ್ಪಿಲ್ಲ. ಊರವರು ಬೈಯುವುದೂ ತಪ್ಪಿಲ್ಲ.

ಮೃಗಾಲಯಕ್ಕೆ ಹೋಗುವವರಿಗೆ ನನ್ನ ಮಾತು ಇಷ್ಟೇ. ಬನ್ನೇರುಘಟ್ಟಕ್ಕೂ ಮೈಸೂರಿಗೂ ಮಂಗಳವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ. ಬುತ್ತಿಯನ್ನು ನೀವು ತಿನ್ನಿ, ಪ್ರಾಣಿಗೆ ಹಾಕಬೇಡಿ. ಇನ್ನು ಹೋರಿ, ಆಕಳು, ಎಮ್ಮೆ ಕಟ್ಟಿದವರು ಮುಂಗಾರಿಗೆ ಮೊದಲೇ ಊರ ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗಿ ಗಳಲೆ ರೋಗದ ಲಸಿಕೆ ಹಾಕಿಸಿ.